ಮೊದಲು ಹೆಸರು ಕೇಳಿ

ಫ್ಯಾನು ಆರಿಸಿ ಮೊದಲು.
ಬಳ್ಳಾರಿಯ ಏಪ್ರಿಲ್ಲಿನಲ್ಲಿ ಇದು ಕ್ರೌರ್ಯವೆಂದು ನನಗೂ ಗೊತ್ತು.
ಆದರೆ ಮೈಕು ಫ್ಯಾನನ್ನು ಕ್ಷಮಿಸುವುದಿಲ್ಲ,
ನಿಮ್ಮ ಕಿವಿ ಕೇಳಿಯೂ ಬಿಟ್ಟದ್ದನ್ನೆಲ್ಲ
ಅದು ಹಟದಿಂದ ಎತ್ತಿಟ್ಟುಕೊಳ್ಳುತ್ತದೆ.

ಬಾಯಿಂದ ಒಂದು ಗೇಣು ದೂರ ಹಿಡಿಯಿರಿ.
ಗೇಣೆಂದರೆ ನಿಮ್ಮದಲ್ಲ, ಎದುರಿನವರದು.
ಅವರು ಹಿಂದೆ ಸರಿದರೆ ನೀವು ಮುಂದೊತ್ತಬೇಡಿ.
ಕೈಗಂತೂ ಕೊಡಲೇಬೇಡಿ.
ಒಮ್ಮೆ ಕೊಟ್ಟಿದ್ದೆ, ಕೌಲ್ ಬಜಾರಿನಲ್ಲಿ, ವಾರ್ಡಿನ ಮುಖಂಡರೊಬ್ಬರಿಗೆ.
ಇಪ್ಪತ್ತೆರಡು ನಿಮಿಷ.
ಬ್ಯಾಟರಿ ಸತ್ತಿತು, ನಾನು ಉಳಿದೆ.

'ಕಷ್ಟ ಆಗುತ್ತಾ?' ಎಂದರೆ 'ಹೂಂ' ಅನ್ನುತ್ತಾರೆ,
ಬರೀ ಹೂಂ ಪ್ರಸಾರಕ್ಕೆ ಬರುವುದಿಲ್ಲ.
'ಬೆಳಿಗ್ಗೆ ಎದ್ದು ಮೊದಲು ಏನ್ ಮಾಡ್ತೀರಿ?' ಕೇಳಿ.
ಒಲೆಯ ಹತ್ತಿರ ಶುರುವಾದ ಮಾತು
ತಾನೇ ನಡೆದು ನಿಮ್ಮ ಸುದ್ದಿಯವರೆಗೆ ಬರುತ್ತದೆ.
ಬರದಿದ್ದರೆ ಸುಮ್ಮನಿರಿ. ಮನಸ್ಸಿನಲ್ಲೇ ಮೂರು ಎಣಿಸಿ.

ಇನ್ನು ಆ ಪ್ರಶ್ನೆ, 'ನಿಮಗೆ ಹೇಗನ್ನಿಸ್ತಿದೆ?'
ಅದನ್ನು ನಾನು ಕೇಳಿದ್ದೇನೆ.
ಲಾರಿ ಉರುಳಿದ ದಿನ, ಸಂಡೂರು ರಸ್ತೆಯ ಕೆಂಪು ಧೂಳಿನಲ್ಲಿ
ಊಟದ ಡಬ್ಬಿ ಹಿಡಿದು ನಿಂತವಳಿಗೆ.
ಆಕೆ ನನ್ನನ್ನೇ ನೋಡಿದಳು. ಹದಿನಾಲ್ಕು ಸೆಕೆಂಡು.
ಚಾನೆಲ್ಲಿನವರು ಅದನ್ನೇ ದಿನವಿಡೀ ತೋರಿಸಿದರು.
ಇದು ಸಿಲಬಸ್ಸಿನಲ್ಲಿಲ್ಲ. ಬರೆದುಕೊಳ್ಳಬೇಡಿ.

ಎಲ್ಲಕ್ಕೂ ಮೊದಲು ಹೆಸರು.
ಗೊತ್ತಿದ್ದರೂ ಕೇಳಿ, ಅವರ ಬಾಯಿಂದಲೇ ಬರಲಿ.
ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ
ಆ ಜಾಗದ ಸದ್ದು ಹಿಡಿಯಿರಿ.
ಕತ್ತರಿಸಿದ ಮಾತಿಗೆ ತೇಪೆ ಹಾಕಲು ಬೇಕು.

*

ಸೋಮವಾರ ಹನ್ನೊಂದು ರೆಕಾರ್ಡಿಂಗು ಬಂದವು.
ಶಾಷಾವಲಿ ಸುಧಾ ಕ್ರಾಸಿನ ರೈಲ್ವೆ ಗೇಟಿಗೆ ಹೋಗಿದ್ದ,
ರೈಲು ಚೆನ್ನಾಗಿ ಮಾತಾಡಿತ್ತು, ಗೇಟಿನವನು ಒಂದಕ್ಷರವಿಲ್ಲ.
ಎರ್ರೆಮ್ಮನ ಮಿರ್ಚಿ ಬಂಡಿಯ ಎಣ್ಣೆಸದ್ದಿಗೆ
ಕ್ಲಾಸಿಗೆ ಕ್ಲಾಸೇ ಹಸಿಯಿತು.
ಕೊನೆಗೆ ಗಾದಿಲಿಂಗ ಎದ್ದ. 'ರೂಲ್ಸ್ ಮುರ್ದೀನಿ ಮೇಡಂ.'
ಮನೆಯವರ ಸಂದರ್ಶನ ಬೇಡವೆಂದಿದ್ದೆ.

ಜೀನ್ಸ್ ಹೊಲಿಗೆಯ ಶೆಡ್ಡು. ನಲವತ್ತು ಮೋಟರು ಒಟ್ಟಿಗೆ.
ಟಿವಿಯವರ ಹಾಗೆ ಗಂಟಲು ದಪ್ಪ ಮಾಡಿಕೊಂಡು ಅವನು:
'ನಿಮ್ಮ ಹೆಸರು ಹೇಳಿ.'
'ಏ, ನಿಂಗೊತ್ತಿಲ್ಲೇನೋ!'
'ಹೇಳ್ಬೇಕಮ್ಮಾ. ಮೊದ್ಲು ಅದನ್ನೇ ಕೇಳ್ಬೇಕಂತೆ.'
ಮೋಟರುಗಳು. ಎಲ್ಲೋ ಕತ್ತರಿ ಬಿದ್ದ ಸದ್ದು.
'ಯಾವುದು ಹೇಳ್ಲಿ? ರೇಷನ್ ಕಾರ್ಡಿನಾಗೆ ಈರಮ್ಮ ಅಂತ ಐತೆ.
ನಮ್ಮವ್ವ ಇಟ್ಟಿದ್ದು ಬೇರೆ.
ನಿಮ್ಮಜ್ಜಿ ಹೆಸರೂ ಅದೇ ಇತ್ತು, ಅದಕ್ಕೆ ಬದ್ಲಿಸಿದ್ರು.'
'ಹಂಗಾರೆ ನೀನು…'
'ಮಾರಕ್ಕ.'
ಹೇಳಿ ನಕ್ಕಳು.
ಸರಿಯಾಗಿ ಹಿಡಿಯಿತೋ ಇಲ್ಲವೋ ಎಂದು ಬಾಯಿ ಹತ್ತಿರ ತಂದು
ಇನ್ನೊಮ್ಮೆ ಹೇಳಿದಳು. ದನಿ ಒಡೆದು
ಮೀಟರು ಕೆಂಪಿಗೆ ಏರಿತು.

ಆಮೇಲಿನವೆಲ್ಲ ಹೂಂ-ಇಲ್ಲದ ಪ್ರಶ್ನೆಗಳು.
ದಿನಕ್ಕೆ ಎಷ್ಟು ಪ್ಯಾಂಟಿಗೆ ಬೆಲ್ಟಿನ ಲೂಪು ಹಚ್ಚುತ್ತಾಳೆ, ಕೇಳಲಿಲ್ಲ.
ಕೂಲಿ ಕೇಳಲಿಲ್ಲ.
ನೀಲಿ ಹತ್ತಿದ ಉಗುರು ಅವನಿಗೆ ಕಂಡಿರಲಿಕ್ಕಿಲ್ಲ,
ಹುಟ್ಟಿದಾಗಿನಿಂದ ನೋಡಿದ್ದಲ್ಲವೇ.
ಎಲ್ಲ ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ.

ಒಂದು ನಿಮಿಷದ ಸದ್ದನ್ನು ಮಾತ್ರ ಅವನು ಮರೆತಿರಲಿಲ್ಲ.
ಎಲ್ಲರೂ ಊಟಕ್ಕೆ ಹೋದ ಮೇಲೆ ಹೆಡ್‌ಫೋನು ಹಾಕಿಕೊಂಡೆ.
ಮೋಟರುಗಳ ಮೊರೆತ, ದೂರದ್ದು. ಹತ್ತಿರದ್ದೊಂದು ನಿಂತಿದೆ.
ಮಗ ಸುಮ್ಮನಿರು ಎಂದಿದ್ದಾನೆ, ಇದ್ದಾಳೆ.
ನಲವತ್ತೆಂಟನೇ ಸೆಕೆಂಡಿಗೆ
ಅದು ತಡೆದು, ಮತ್ತೆ ತಡೆದು, ಓಡಲು ಶುರುಮಾಡಿತು.
ತುಂಡಿನ ಲೆಕ್ಕದ ಕೂಲಿ. ಉಳಿದದ್ದು ಹನ್ನೆರಡು ಸೆಕೆಂಡು.
ಮೂರು ಲೂಪು ಆಗಬಹುದೇ? ನಾಲ್ಕು?
ಹಿಂದಕ್ಕೆ ತಿರುಗಿಸಿ ಎಣಿಸುತ್ತಿದ್ದೆ,

'ಸೆಕೆ ಅಲ್ಲೇನ್ರೀ ಮೇಡಂ' ಎನ್ನುತ್ತ
ಅಟೆಂಡರ್ ಹುಸೇನಪ್ಪ ಫ್ಯಾನು ಹಾಕಿದ.